ಲಂಡನ್ನಿನ ವಿದ್ಯಾರ್ಥಿ ಕೈಲಾಸಂ

ನಮ್ಮ ಕಡೆಯ ಊರುಗಳಲ್ಲಿ ಯಾರಾದರೂ ಓದಲೆಂದು ಪರದೇಶಕ್ಕೆ ಹೊರಟರೆ ಮನೆಯವರು ಕೇಳುವ ಮೊದಲನೆಯ ಪ್ರಶ್ನೆ ಖರ್ಚು ಎಷ್ಟೆಂಬುದು. ಎರಡನೆಯದು, ಹಿಂದಿರುಗಿದ ಮೇಲೆ ಏನಾಗುತ್ತಾರೆಂಬುದು. ಹರಿಹರದ ನಮ್ಮ ಮನೆಯಲ್ಲಿಯೂ ಹೋದ ವರ್ಷ ಇವೆರಡೇ ಪ್ರಶ್ನೆಗಳು ಎದ್ದವು. ನನ್ನ ಅಕ್ಕನಿಗೆ ಲಂಡನ್ನಿನಲ್ಲಿ ಎಂ.ಎಸ್ಸಿ. ಓದಲು ಸ್ಥಳ ದೊರೆಯಿತು. ಅಪ್ಪ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು. ಮನೆಯನ್ನು ಒತ್ತೆಯಿಟ್ಟು ಬ್ಯಾಂಕಿನಿಂದ ಸಾಲ ತಂದರು. ಅಕ್ಕ ಹೋದಳು. ಬೆಂಗಳೂರಿಗೆ ಹೋಗಿ ಓದಬೇಕೆಂದಿದ್ದ ನನ್ನ ಆಸೆ ಆ ಸಾಲದಲ್ಲಿ ಕರಗಿತು. ಇಷ್ಟು ಹಣಕ್ಕೆ ಅವಳು ತರುವುದಾದರೂ ಏನು ಎಂದು ದಿನವೂ ದಾವಣಗೆರೆಗೆ ಬರುವ ದಾರಿಯಲ್ಲಿ ನಾನು ಲೆಕ್ಕ ಹಾಕುತ್ತಿದ್ದೆ.

ಹೀಗಿರುವಾಗ ಕನ್ನಡದ ಅಧ್ಯಾಪಕರು ಈ ಸಂಚಿಕೆಗಾಗಿ ಟಿ. ಪಿ. ಕೈಲಾಸಂ ಅವರ ವಿಚಾರವಾಗಿ ಬರೆಯಬೇಕೆಂದು ನನಗೆ ಅಪ್ಪಣೆ ಮಾಡಿದರು. ಅವರು ನಾಟಕಕಾರರೆಂಬುದು ನನಗೆ ಗೊತ್ತಿತ್ತು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋದವರು, ಅದೂ ಭೂವಿಜ್ಞಾನವನ್ನು ಓದಲು ಹೋದವರು, ಎಂಬುದು ಗೊತ್ತಿರಲಿಲ್ಲ. ನಮ್ಮ ಮನೆಯ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಅವರ ಜೀವನವನ್ನು ಓದಿದೆ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು ೧೮೮೪ರಲ್ಲಿ, ಮೈಸೂರು ಸಂಸ್ಥಾನದಲ್ಲಿ. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರಿನ ಚೀಫ್ ಕೋರ್ಟಿನ ನ್ಯಾಯಾಧೀಶರು, ದೊಡ್ಡ ವಿದ್ವಾಂಸರು. ಭೂವಿಜ್ಞಾನದಲ್ಲಿ ಅವರಿಗೆ ಎಷ್ಟು ಒಲವಿತ್ತೆಂದರೆ, ೧೯೧೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಋಗ್ವೇದದ ಋಕ್ಕುಗಳಿಗೂ ಭೂವಿಜ್ಞಾನದ ಅರ್ಥವನ್ನು ಹೇಳಿದರು. ಸಂಸ್ಥಾನಕ್ಕೂ ಆ ವಿದ್ಯೆ ಬೇಕಾಗಿತ್ತು. ಕೋಲಾರದ ಚಿನ್ನದ ಗಣಿಗಳು ಬೆಳೆದಿದ್ದ ಕಾಲವದು. ೧೮೯೪ರಲ್ಲಿಯೇ ಬ್ರೂಸ್ ಫೂಟ್ ಅವರ ಮೇಲ್ವಿಚಾರಣೆಯಲ್ಲಿ ಮೈಸೂರಿನಲ್ಲಿ ಭೂಗರ್ಭ ಇಲಾಖೆ ಏರ್ಪಟ್ಟಿತ್ತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿದ ಮಗ ಲಂಡನ್ನಿಗೆ ಹೊರಟಾಗ, ಹಿಂದಿರುಗಿ ಏನಾಗುವನೆಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇತ್ತೆನ್ನಬಹುದು.

ಲಂಡನ್ನಿನಲ್ಲಿ ಅವರು ಸೇರಿದ್ದು ರಾಯಲ್ ಕಾಲೇಜ್ ಆಫ್ ಸೈನ್ಸ್. ಅದು ಸೌತ್ ಕೆನ್ಸಿಂಗ್ಟನ್ ಎಂಬ ಭಾಗದಲ್ಲಿದ್ದು, ೧೯೦೭ರಲ್ಲಿ ಇಂಪೀರಿಯಲ್ ಕಾಲೇಜಿನೊಡನೆ ಕೂಡಿಕೊಂಡಿತ್ತು. ಕಾದಂಬರಿಕಾರ ಎಚ್. ಜಿ. ವೆಲ್ಸ್ ಕೂಡ ಅಲ್ಲಿಯೇ ವಿದ್ಯಾರ್ಥಿವೇತನದಿಂದ ಓದಿ, ೧೮೮೭ರಲ್ಲಿ ಭೂವಿಜ್ಞಾನದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೊರಬಿದ್ದವನು. ಕೈಲಾಸಂ ಹಾಗಲ್ಲ, ಚೆನ್ನಾಗಿಯೇ ತೇರ್ಗಡೆಯಾದರು. ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಫೆಲೋ ಕೂಡ ಆದರು. ಓದದೆ ಕೆಟ್ಟ ಹುಡುಗ ನಾಟಕಕ್ಕೆ ಬಿದ್ದ ಕಥೆ ಇದಲ್ಲವೆಂಬುದನ್ನು ವಿದ್ಯಾರ್ಥಿಮಿತ್ರರು ಗಮನಿಸಬೇಕು.

ಆದರೆ ತರಗತಿ ಮುಗಿದ ಮೇಲೆ ಆ ಮಹಾನಗರದಲ್ಲಿ ಸಂಜೆಗಳಿದ್ದವು. ನಾಟಕಶಾಲೆಗಳೂ, ಹಾಡು ಹಾಸ್ಯಗಳ ಮ್ಯೂಸಿಕ್ ಹಾಲ್‌ಗಳೂ ತುಂಬಿದ ಊರದು. ಇಬ್ಸನ್, ಷಾ ಇವರ ದಾರಿಯ ನಾಟಕಗಳು ರಾಜರಾಣಿಯರನ್ನು ಬಿಟ್ಟು ಸಾಮಾನ್ಯ ಸಂಸಾರದ ಹಜಾರವನ್ನೇ ರಂಗಕ್ಕೆ ತಂದಿದ್ದವು. ಬೀದಿಯಲ್ಲಿ ಹೂ ಮಾರುವ ಹುಡುಗಿಯ ಮಾತಿನ ಧಾಟಿಯನ್ನೇ ವಸ್ತುವನ್ನಾಗಿ ಮಾಡಿಕೊಂಡ ಷಾ ಮಹಾಶಯನ ಪಿಗ್ಮೇಲಿಯನ್ ಲಂಡನ್ನಿನಲ್ಲಿ ಆಡಿದ್ದು ೧೯೧೪ರಲ್ಲಿ. ಕೈಲಾಸಂ ಅವರು ಆ ರಂಗಭೂಮಿಯ ಗೀಳು ಹತ್ತಿಸಿಕೊಂಡರು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ದೂರದ ಐರ್ಲೆಂಡಿನ ಟಿಪರರಿಯನ್ನು ನೆನೆದು ಹಾಡುವ ಹಾಡೊಂದು ಸೈನಿಕರ ಬಾಯಲ್ಲಿ ಹಬ್ಬಿತ್ತು. ಕೈಲಾಸಂ ಅವರ ಕೈಯಲ್ಲಿ ಅದೇ ಮಟ್ಟಿನ ಹಾಡು ಕನ್ನಡವಾಗಿ, ಟಿಪರರಿ ನಮ್ಮ ತಿಪ್ಪಾರಳ್ಳಿಯಾಯಿತು. ಜನ ಇದನ್ನು ಹಾಸ್ಯವೆಂದು ಹಾಡುತ್ತಾರೆ. ನನಗಾದರೋ ಅದರಲ್ಲಿ ಊರು ಬಿಟ್ಟು ಹೋದವನ ಹಂಬಲವೂ ಕೇಳಿಸುತ್ತದೆ.

೧೯೧೫ರಲ್ಲಿ ಸ್ವದೇಶಕ್ಕೆ ಮರಳಿ ಮೈಸೂರಿನ ಭೂಗರ್ಭ ಇಲಾಖೆಯನ್ನು ಸೇರಿದರು. ಕೆಲವು ವರ್ಷಗಳಲ್ಲಿಯೇ ಅದನ್ನು ಬಿಟ್ಟರು. ಸಂಬಳ, ಪದವಿ, ತಂದೆಯ ನಿರೀಕ್ಷೆ, ಮೂರನ್ನೂ ಒಟ್ಟಿಗೆ ಬಿಟ್ಟಂತಾಯಿತು. ಖರ್ಚಿನ ಲೆಕ್ಕ ಬರೆಯುವವರು ಇಲ್ಲಿಗೆ ನಷ್ಟವೆಂದು ಗೆರೆ ಎಳೆಯುತ್ತಾರೆ. ನಾನೂ ಮೊದಲು ಎಳೆದೆ.

ಆದರೆ ಅಂದಿನ ಕನ್ನಡ ರಂಗಭೂಮಿಯನ್ನು ನೆನೆಯಬೇಕು. ನಮ್ಮ ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಮನೆತನದ ಕೆ. ಬಿ. ಆರ್. ಡ್ರಾಮಾ ಕಂಪನಿ ಬೆಳೆದದ್ದು ಇಲ್ಲಿಯೇ. ಆ ಬಗೆಯ ನಾಟಕದ ಸೊಗಸನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಶತಮಾನದ ಆರಂಭದಲ್ಲಿ ರಂಗವೆಲ್ಲ ಪುರಾಣದ ರಾಜರದು, ಹಾಡಿನದು, ಗ್ರಂಥದ ಮಾತಿನದು. ಅಡಿಗೆಮನೆಯ ಮಾತಿಗೆ, ಗುಮಾಸ್ತನ ಮಾತಿಗೆ, ಅರ್ಧ ಇಂಗ್ಲಿಷು ಅರ್ಧ ಕನ್ನಡ ಬೆರೆಸುವ ಹೊಸ ವಿದ್ಯಾವಂತನ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಅವುಗಳನ್ನು ಕೇಳಿದಂತೆಯೇ ರಂಗಕ್ಕೆ ತಂದವರು ಕೈಲಾಸಂ. ಟೊಳ್ಳುಗಟ್ಟಿ, ಪೋಲಿ ಕಿಟ್ಟಿ, ಹೋಂ ರೂಲು, ಬಹಿಷ್ಕಾರ, ಸೂಳೆ ಮುಂತಾದ ನಾಟಕಗಳಲ್ಲಿ ನಗಿಸುತ್ತಲೇ ವರದಕ್ಷಿಣೆ, ಜಾತಿಕಟ್ಟು, ಹೆಂಗಸರ ಬವಣೆಗಳನ್ನು ಮುಟ್ಟಿದರು. ಕರ್ಣ, ಏಕಲವ್ಯ, ಕೀಚಕರನ್ನು ಕುರಿತ ಗಂಭೀರ ನಾಟಕಗಳನ್ನು ಇಂಗ್ಲಿಷಿನಲ್ಲಿ ರಚಿಸಿದರು.

ಟೊಳ್ಳುಗಟ್ಟಿಯನ್ನು ನಮ್ಮಂಥವರು ಓದಲೇಬೇಕು. ಪರೀಕ್ಷೆಯ ಅಂಕಗಳಿಂದಲೇ ಅಪ್ಪನ ಮೆಚ್ಚುಗೆ ಪಡೆದ ಮಗ ಮನೆಗೆ ಕಷ್ಟ ಬಂದಾಗ ಟೊಳ್ಳಾಗುತ್ತಾನೆ. ಬೈಸಿಕೊಂಡ ಮಗ ಗಟ್ಟಿಯಾಗುತ್ತಾನೆ. ಪರೀಕ್ಷೆಗಳಲ್ಲಿ ಗೆದ್ದು, ಲಂಡನ್ನಿನ ಪದವಿ ಪಡೆದು ಬಂದವರೇ ಇದನ್ನು ಬರೆದರೆಂಬುದರಿಂದ ಅದಕ್ಕೆ ಹೆಚ್ಚಿನ ತೂಕ.

ಕೂತು ಬರೆಯುವ ಶಿಸ್ತು ಅವರಿಗಿರಲಿಲ್ಲ. ಬೆಂಗಳೂರಿನಲ್ಲಿ ನೂಕ್ ಎಂದು ತಾವೇ ಹೆಸರಿಟ್ಟ ಕೊಳಕು ಕೋಣೆಯಲ್ಲಿ, ಸಿಗರೇಟಿನ ಹೊಗೆಯ ನಡುವೆ, ಪಾತ್ರಗಳ ಮಾತನ್ನೆಲ್ಲ ಬಾಯಲ್ಲಿ ಆಡುವರು, ಸ್ನೇಹಿತರು ಬರೆದುಕೊಳ್ಳುವರು. ೧೯೪೫ರಲ್ಲಿ ಮದರಾಸಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ, ಮನೆಮಾತು ಕನ್ನಡವಲ್ಲದ ಈ ಮಹನೀಯರು ಅಧ್ಯಕ್ಷರಾದರು. ಮರುವರ್ಷ, ೧೯೪೬ರ ನವೆಂಬರಿನಲ್ಲಿ, ತೀರಿಕೊಂಡರು.

ಹಾಗಾದರೆ ಅವರು ಲಂಡನ್ನಿನಿಂದ ತಂದುದೇನು? ಕಳುಹಿಸಿದವರು ಕೇಳಿದ ವಿದ್ಯೆಯನ್ನು ತಂದರು. ಅದರ ಜೊತೆಗೆ ಯಾರೂ ಕೇಳದಿದ್ದುದೊಂದನ್ನು ತಂದರು. ಅದು ನಮ್ಮ ಮಾತನ್ನೇ ಹೊಸದಾಗಿ ಕೇಳುವ ಕಿವಿ. ಪರಸ್ಥಳದಲ್ಲಿ ಆರು ವರ್ಷ ಬೇರೆಯವರ ಮಾತನ್ನು ಕೇಳಿ ಬಂದವರಿಗೆ ಮನೆಯ ಮಾತು ಸಾಮಾನ್ಯವಾಗಿ ಕಾಣಲಿಲ್ಲವೆಂದು ನನ್ನ ಎಣಿಕೆ. ನಮ್ಮ ಹರಿಹರದ ದೇವರಲ್ಲಿ ಹರಿ ಅರ್ಧ, ಹರ ಅರ್ಧ; ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ಕೈಲಾಸಂ ಅವರಲ್ಲಿ ಲಂಡನ್ನೂ ಮೈಸೂರೂ ಹಾಗೆಯೇ ಕೂಡಿದ್ದವು.

ಹೋದ ಭಾನುವಾರ ಅಕ್ಕ ಫೋನು ಮಾಡಿದಾಗ ಟೊಳ್ಳುಗಟ್ಟಿಯ ಒಂದೆರಡು ಪುಟಗಳನ್ನು ಓದಿ ಹೇಳಿದೆ. ಅದು ಮೈಸೂರು ಕಡೆಯ ಮಾತು, ನಮ್ಮದಲ್ಲ. ಆದರೂ ಅಪ್ಪ ನಕ್ಕರು. ಅವ್ವ ಒಳಗಿನಿಂದ ಬಂದು ಕೂತಳು. ಅಕ್ಕ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಪುಟ ಓದೆಂದಳು. ವಾರವೆಲ್ಲ ಕನ್ನಡ ಕಿವಿಗೆ ಬೀಳುವುದಿಲ್ಲವಂತೆ. ಅದನ್ನು ಅವಳು ಹಿಂದೆಯೂ ಹೇಳಿದ್ದಳು. ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಾಲದ ಕಂತುಗಳು ಇನ್ನೂ ಉಳಿದಿವೆ. ಅವಳು ಹಿಂದಿರುಗಿ ಏನಾಗುವಳೆಂದು ನಾನೀಗ ಕೇಳುವುದಿಲ್ಲ. ಭಾನುವಾರಕ್ಕೆ ಪೋಲಿ ಕಿಟ್ಟಿಯನ್ನು ಗ್ರಂಥಾಲಯದಿಂದ ತಂದಿಟ್ಟಿದ್ದೇನೆ.