ಗಡಿಗೆಯ ದನಿಗೆ ಶಿವ ಕುಣಿದ

ಕುರುಗೋಡಿನ ಸಂತೆಯಲ್ಲಿ ಅಪ್ಪ ಗಡಿಗೆ ಮಾರುತ್ತಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಶಾಲೆಯಲ್ಲಿ ಅಪ್ಪನ ಕಸುಬು ಕೇಳಿದರೆ ಒಕ್ಕಲುತನ ಎನ್ನುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿ ಕನ್ನಡ ಮೇಷ್ಟ್ರು ಕುಂಬಾರ ಗುಂಡಯ್ಯನವರ ಕಥೆ ಹೇಳಿದರು.

ಗುಂಡಯ್ಯನವರು 12ನೇ ಶತಮಾನದ ಶರಣರು. ಊರು ಬೀದರ್ ಸೀಮೆಯ ಭಲ್ಲುಕೆ, ಈಗಿನ ಭಾಲ್ಕಿ. ಮಡದಿ ಕೇತಲದೇವಿ ವಚನಕಾರ್ತಿ. ಕುಂಬಾರಿಕೆಯೇ ಅವರ ಕಾಯಕ, ಅದೇ ಶಿವಪೂಜೆ. ಅವರ ಬದುಕನ್ನು ರಗಳೆಯಾಗಿ ಬರೆದವನು ನಮ್ಮ ಹಂಪೆಯ ಹರಿಹರ. ಗುಂಡಯ್ಯನವರು ಗಡಿಗೆ ಬಡಿಯುವ ದನಿಗೆ ಶಿವನೇ ಇಳಿದು ಬಂದು ಕುಣಿದನಂತೆ, ಗುಂಡಯ್ಯನವರೂ ಕುಣಿದರಂತೆ.

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ, ಆ ದನಿ ನಮ್ಮ ಮನೆಯದು. ತಿಗರಿಯಿಂದ ಇಳಿದ ಗಡಿಗೆ ದಪ್ಪಗಿರುತ್ತದೆ, ತಳ ಕೂಡಿರುವುದಿಲ್ಲ. ತುಸು ಆರಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದು ಬಡಿದು ತೆಳುವಾಗಿಸಿ ತಳ ಕೂಡಿಸಬೇಕು. ಏಟು ಬಿರುಸಾದರೆ ಹರಿಯಿತು. ಆವಿಗೆಗೆ ಹೋಗುವುದು ಆಮೇಲೆ. ಹರಿಹರ ಯಾವುದೋ ಕುಂಬಾರರ ಅಂಗಳದಲ್ಲಿ ಕೂತು ಇದನ್ನು ಕೇಳಿರಬೇಕು ಎಂಬುದು ನನ್ನ ಗುಮಾನಿ.

ಅಂದು ಸಂಜೆ ಅಪ್ಪನ ಪಕ್ಕ ಕೂತು ಕೇಳಿದೆ. ಮರುವರ್ಷ ಎಸ್ಸೆಸ್ಸೆಲ್ಸಿ ಓದುವಾಗ ಮೇಷ್ಟ್ರು ಕಸುಬು ಕೇಳಿದರೆ, ಕುಂಬಾರಿಕೆ ಎಂದೆ.