ದಿಬ್ಬ ಹತ್ತದ ಕಾರಿಗೆ ಗೇರು ಬೇಕೆಂದ ಬರ್ತಾ ಬೆಂಜ್

ಮಕ್ಕಳೇ, ದಿಬ್ಬ ಹತ್ತುವ ಬಸ್ಸಿನಲ್ಲಿ ಕುಳಿತು ಚಾಲಕರನ್ನು ಗಮನಿಸಿದ್ದೀರಾ? ಏರು ಶುರುವಾದೊಡನೆ ಅವರು ಎಡಗಾಲಿನಿಂದ ಕ್ಲಚ್ ಒತ್ತಿ, ಎಡಗೈಯಿಂದ ಗೇರು ಬದಲಿಸುತ್ತಾರೆ. ಬಸ್ಸಿನ ವೇಗ ಕಡಿಮೆಯಾಗುತ್ತದೆ. ಇಂಜಿನ್ನಿನ ಸದ್ದು ಹೆಚ್ಚುತ್ತದೆ. ಆದರೂ ಬಸ್ಸು ನಿಲ್ಲದೆ ಮೇಲೇರುತ್ತದೆ. ಆ ಗೇರು ಬೀಳದಿದ್ದರೆ ಏನಾಗುತ್ತಿತ್ತು? ಎಲ್ಲರೂ ಇಳಿದು ತಳ್ಳಬೇಕಾಗುತ್ತಿತ್ತು! 1888ರಲ್ಲಿ ಒಬ್ಬ ತಾಯಿ ಮತ್ತು ಇಬ್ಬರು ಮಕ್ಕಳು ಹೀಗೆಯೇ ಕಾರು ತಳ್ಳಿದರು. ಆ ತಾಯಿಯೇ ಬರ್ತಾ ಬೆಂಜ್.

ಬರ್ತಾ ಅವರು 1849ರ ಮೇ 3ರಂದು ಜರ್ಮನಿಯ ಫೋರ್ಜ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರದ ಕಾಲವದು. ಆದರೂ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಕುತೂಹಲ ಅವರಲ್ಲಿತ್ತು. ಇಂಜಿನಿಯರ್ ಕಾರ್ಲ್ ಬೆಂಜ್ ಅವರೊಡನೆ ಮದುವೆ ನಿಶ್ಚಯವಾಯಿತು. ಕಾರ್ಲ್ ಅವರ ಕಾರ್ಯಾಗಾರ ಕಷ್ಟದಲ್ಲಿದ್ದಾಗ, ತಮ್ಮ ಮದುವೆಗೆಂದು ಇಟ್ಟಿದ್ದ ಹಣವನ್ನು ಮೊದಲೇ ಪಡೆದು ಅದಕ್ಕೆ ಕೊಟ್ಟವರು ಬರ್ತಾ. 1872ರಲ್ಲಿ ಅವರ ಮದುವೆಯಾಯಿತು.

ಕಾರ್ಲ್ ಅವರು ಪೆಟ್ರೋಲ್ ಇಂಜಿನ್ನಿನಿಂದ ಓಡುವ ಮೂರು ಗಾಲಿಗಳ ವಾಹನ ತಯಾರಿಸಿದರು. 1886ರ ಜನವರಿ 29ರಂದು ಅದರ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದರು. ಆದರೆ ಕುದುರೆಯಿಲ್ಲದ ಗಾಡಿಯನ್ನು ಜನ ನಂಬಲಿಲ್ಲ, ಕೊಳ್ಳಲೂ ಇಲ್ಲ. ಕಾರ್ಲ್ ಅವರು ಊರಿನ ಆಸುಪಾಸಿನಲ್ಲಷ್ಟೇ ಅದನ್ನು ಓಡಿಸಿ ನೋಡುತ್ತಿದ್ದರು. ಹೀಗೇ ಬಿಟ್ಟರೆ ಹಾಕಿದ ಹಣ, ಪಟ್ಟ ಶ್ರಮ ಎಲ್ಲವೂ ವ್ಯರ್ಥವಾಗುತ್ತಿತ್ತು. ವಾಹನ ದೂರದ ಊರಿಗೂ ಹೋಗಬಲ್ಲದು ಎಂದು ತೋರಿಸಲು ಬರ್ತಾ ನಿರ್ಧರಿಸಿದರು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ. ಮ್ಯಾನ್‌ಹೈಮ್ ನಗರದ ಮನೆಯಿಂದ ಬರ್ತಾ ಹೊರಟರು. ಜೊತೆಯಲ್ಲಿ 15 ವರ್ಷದ ಯೂಜಿನ್ ಮತ್ತು 13 ವರ್ಷದ ರಿಚರ್ಡ್ ಇದ್ದರು. ಪತಿಗೆ ಮೊದಲೇ ತಿಳಿಸಿರಲಿಲ್ಲ. ಗುರಿ, 100 ಕಿಲೋಮೀಟರಿಗೂ ಹೆಚ್ಚು ದೂರದ ತವರೂರು ಫೋರ್ಜ್‌ಹೈಮ್. ಅಷ್ಟು ದೂರ ಯಾರೂ ಕಾರಿನಲ್ಲಿ ಹೋಗಿರಲಿಲ್ಲ.

ದಾರಿಯಲ್ಲಿ ತೊಂದರೆಗಳು ಒಂದರ ಹಿಂದೆ ಒಂದು ಬಂದವು. ಇಂಧನ ಮುಗಿಯುತ್ತಾ ಬಂತು. ಆಗ ಪೆಟ್ರೋಲ್ ಬಂಕ್‌ಗಳು ಎಲ್ಲಿದ್ದವು? ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೊಯಿನ್ ಎಂಬ ಪೆಟ್ರೋಲಿನಂಥ ದ್ರವ ಕೊಂಡರು. ಆ ಅಂಗಡಿಯನ್ನು ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ. ಇಂಜಿನ್ ತಣಿಸುವ ನೀರು ಆವಿಯಾಗುತ್ತಿದ್ದುದರಿಂದ ಸಿಕ್ಕಲ್ಲೆಲ್ಲ ನೀರು ತುಂಬಿಸಬೇಕಾಯಿತು.

ಕಾರು ಕೆಟ್ಟಾಗಲೆಲ್ಲ ಬರ್ತಾ ಗಾಬರಿಯಾಗಲಿಲ್ಲ. ಏನು ಎಲ್ಲಿಗೆ ತಲುಪುತ್ತಿಲ್ಲ ಎಂದು ಹುಡುಕಿದರು. ಇಂಜಿನ್ನಿಗೆ ಇಂಧನ ತಲುಪುತ್ತಿಲ್ಲವೇ? ಕೊಳವೆಯಲ್ಲಿ ಕಸ ಕಟ್ಟಿದೆ. ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ನಿನಿಂದ ಅದನ್ನು ತೆಗೆದರು. ಕಿಡಿ ಹಾರುತ್ತಿಲ್ಲವೇ? ತಂತಿಯ ಹೊದಿಕೆ ಸವೆದಿದೆ, ವಿದ್ಯುತ್ ದಾರಿ ತಪ್ಪುತ್ತಿದೆ. ಕಾಲುಚೀಲ ಜಾರದಂತೆ ಕಟ್ಟಿದ್ದ ಪಟ್ಟಿಯನ್ನೇ ತಂತಿಗೆ ಅವಾಹಕವಾಗಿ ಸುತ್ತಿದರು. ಗಾಲಿಗೆ ಶಕ್ತಿ ಸಾಗಿಸುವ ಚೈನನ್ನು ಒಬ್ಬ ಕಮ್ಮಾರರಿಂದ ಸರಿಪಡಿಸಿಕೊಂಡರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ, ಬೂಟು ಹೊಲಿಯುವವರಿಂದ ಅದಕ್ಕೆ ಚರ್ಮದ ತುಂಡು ಹೊಡೆಸಿದರು.

ಆದರೆ ಒಂದು ತೊಂದರೆಗೆ ದಾರಿಯಲ್ಲಿ ಪರಿಹಾರ ಸಿಗಲಿಲ್ಲ. ಕಡಿದಾದ ಏರು ಬಂದಾಗ ಇಂಜಿನ್ ಓಡುತ್ತಿದ್ದರೂ ಕಾರು ಹತ್ತುತ್ತಿರಲಿಲ್ಲ. ಇಳಿದು ತಳ್ಳಬೇಕಾಯಿತು. ಸಂಜೆ ಫೋರ್ಜ್‌ಹೈಮ್ ತಲುಪಿ, ಪತಿಗೆ ತಂತಿ ಸಂದೇಶ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಕಾರಿನಲ್ಲಿ ಹಿಂತಿರುಗಿ, ಕಂಡ ದೋಷಗಳನ್ನೆಲ್ಲ ಹೇಳಿದರು. ಏರು ಹತ್ತಲು ಇನ್ನೊಂದು ಗೇರು ಬೇಕೆಂದರು. ಕಾರ್ಲ್ ಅವರು ಅದನ್ನು ಅಳವಡಿಸಿದರು.

ಆ ಗೇರು ಮಾಡುವ ಕೆಲಸವೇನು? 10 ಹಲ್ಲುಗಳ ಚಿಕ್ಕ ಚಕ್ರವೊಂದು 40 ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತಿದೆ ಎನ್ನಿ. ಚಿಕ್ಕದು 4 ಸುತ್ತು ಸುತ್ತಿದರೆ ದೊಡ್ಡದು ಒಂದೇ ಸುತ್ತು ಸುತ್ತುತ್ತದೆ. ವೇಗ ಕಾಲು ಭಾಗವಾಯಿತು. ಆದರೆ ಘರ್ಷಣೆಯನ್ನು ಬಿಟ್ಟರೆ, ತಿರುಗಿಸುವ ಬಲ 4 ಪಟ್ಟಾಯಿತು. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವುದೇ ಏರಿನ ಗೇರಿನ ಗುಟ್ಟು. ಇಂಜಿನ್ ಅದೇ, ಆದರೆ ಈಗ ಕಾರು ಹತ್ತುತ್ತದೆ.

ಈ ಪ್ರಯಾಣದ ಸುದ್ದಿ ಹಬ್ಬಿತು. ಕ್ರಮೇಣ ಜನ ಕಾರುಗಳನ್ನು ಕೊಳ್ಳತೊಡಗಿದರು. ಕಾರ್ಲ್ ಅವರು ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ಶಿಕ್ಷಣ ಸಂಸ್ಥೆಯು 1944ರಲ್ಲಿ, ಬರ್ತಾ ಅವರ 95ನೇ ಹುಟ್ಟುಹಬ್ಬದ ಸಂದರ್ಭದಲ್ಲಿ, ಅವರಿಗೆ ಗೌರವ ಸೆನೆಟರ್ ಪದವಿ ನೀಡಿತು. ಆ ವರ್ಷ ಮೇ 5ರಂದು ಅವರು ನಿಧನರಾದರು. 2008ರಲ್ಲಿ ಅವರು ಸಾಗಿದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂಬ ಹೆಸರು ಬಂದಿತು.

ನೀವೂ ಮಾಡಿ ನೋಡಿ: ಗೇರಿಲ್ಲದ ಸಾಧಾರಣ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಪೆಡಲಿನ ಚಕ್ರದ ಹಲ್ಲುಗಳನ್ನೂ ಹಿಂದಿನ ಗಾಲಿಯ ಚಿಕ್ಕ ಚಕ್ರದ ಹಲ್ಲುಗಳನ್ನೂ ಎಣಿಸಿ. ನಂತರ ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಹಿಂದಿನ ಗಾಲಿ ಎಷ್ಟು ಸುತ್ತಿತು? ಬೆರಳುಗಳು ಚೈನಿನ ಹತ್ತಿರ ಹೋಗದಂತೆ ಎಚ್ಚರ ವಹಿಸಿ. ಇಲ್ಲಿ ದೊಡ್ಡ ಚಕ್ರ ಚಿಕ್ಕದನ್ನು ತಿರುಗಿಸುತ್ತದೆ. ಹಾಗಾದರೆ ದಿಬ್ಬ ಬಂದಾಗ ಸೈಕಲ್ಲಿನಿಂದ ಇಳಿದು ತಳ್ಳುವುದೇಕೆ? ಯೋಚಿಸಿ, ನಿಮ್ಮ ಉತ್ತರವನ್ನು ಶಿಕ್ಷಕರೊಂದಿಗೆ ಚರ್ಚಿಸಿ.