ಬೆಳಗಾವಿಯ ಚೌಗುಲೆ, ಆಂಟ್ವರ್ಪ್‌ನ ಮ್ಯಾರಥಾನ್

ವಿಜಯಪುರದಿಂದ ತಿಕೋಟಾ ಸುಮಾರು 20 ಕಿ.ಮೀ., ಬಬಲೇಶ್ವರ ಇನ್ನೂ ಸ್ವಲ್ಪ ಜಾಸ್ತಿ. ಬಸ್ಸಲ್ಲಿ ಹೋಗಿ ಬಂದ್ರೇನೇ ನಮಗೆ ಸಾಕಾಗುತ್ತೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್ 42.75 ಕಿ.ಮೀ. ಇತ್ತು. ಅದನ್ನು ಓಡಿ ಮುಗಿಸಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಹುಟ್ಟಿದ್ದು 1902ರಲ್ಲಿ. ಅಂದ್ರೆ ಆಗ ಹೆಚ್ಚುಕಡಿಮೆ ನಮ್ಮದೇ ವಯಸ್ಸು! 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಬರಿಗಾಲಲ್ಲಿ ಓಡುವ ಹಳ್ಳಿ ಹುಡುಗರನ್ನು ನೋಡಿದ ದೊರಾಬ್ಜಿ ಟಾಟಾ, ಇವರನ್ನು ಒಲಿಂಪಿಕ್ಸಿಗೆ ಕಳಿಸಲೇಬೇಕು ಅಂತ ಹಟ ಹಿಡಿದರು. ನಾಲ್ವರು ಅಥ್ಲೀಟ್‌ಗಳು, ಇಬ್ಬರು ಪೈಲ್ವಾನರು ಹಡಗು ಹತ್ತಿದರು. ಅದೇ ಭಾರತದ ಮೊದಲ ತಂಡ. ಹಾಕಿ ಚಿನ್ನ ಬಂದಿದ್ದು 8 ವರ್ಷ ಆದ್ಮೇಲೆ.

ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಲ್ಲಿ 19ನೆಯವರಾಗಿ ಬಂದರು. ಜೊತೆಗೆ ಹೊರಟ ದಾತಾರ್ ಅವರಿಗೆ ಮುಗಿಸೋಕೆ ಆಗಲಿಲ್ಲ. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ 18 ನಿಮಿಷ ಮುಂದಿದ್ದರು, ನಿಜ. ಆದ್ರೂ ಲೆಕ್ಕ ಹಾಕಿ ನೋಡಿ: ಚೌಗುಲೆಯವರದು ಕಿ.ಮೀ.ಗೆ 4 ನಿಮಿಷ! ಈಗ ಓಡಿಕೊಂಡೇ ಜಗತ್ತು ಸುತ್ತುವವರಿದ್ದಾರಲ್ಲ, ಈ ಸ್ಪೀಡಲ್ಲಿ ನಿಲ್ಲದೆ ಓಡಿದ್ರೆ ಭೂಮಿಯ 40,075 ಕಿ.ಮೀ. ಸುತ್ತಳತೆ 111 ದಿನಕ್ಕೆ ಮುಗಿಯುತ್ತೆ. (ಊಟ, ನಿದ್ದೆ ಬಿಟ್ಟು.)

1952ರಲ್ಲಿ ತೀರಿಕೊಂಡರು. ಮಿಲ್ಖಾ ಸಿಂಗ್ ಹೆಸರು ಹಾಸ್ಟೆಲಲ್ಲಿ ಎಲ್ಲರಿಗೂ ಗೊತ್ತು. ಪಕ್ಕದ ಜಿಲ್ಲೆಯ ಚೌಗುಲೆ ಯಾರು ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ.